ಗಂಡನ ಮನೆಯ ಎಡೆ

ನನ್ನ ಹೆಂಡತಿ ತೀರಿಕೊಂಡ ವರ್ಷ, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ, ಅತ್ತೆ ಗುಬ್ಬಿ ಕಡೆಯ ತಮ್ಮ ಹಳ್ಳಿಯಿಂದ ಬಸ್ಸು ಹತ್ತಿ ತುಮಕೂರಿಗೆ ಬಂದರು. ಶಿರಾ ಗೇಟಿನ ಹತ್ತಿರ ನನ್ನದೊಂದು ಹೊಲಿಗೆ ಮಿಷನ್ ರಿಪೇರಿ ಅಂಗಡಿ ಇತ್ತು. ಅದರ ಎದುರು ಬಂದು ನಿಂತಾಗ ಅವರ ಒಂದು ಕೈಯಲ್ಲಿ ಕಾಲು ಕಟ್ಟಿದ ಕೋಳಿ, ಇನ್ನೊಂದರಲ್ಲಿ ಬಟ್ಟೆಯ ಗಂಟು.

“ಏನತ್ತೆ, ಹೇಳ್ದೆ ಕೇಳ್ದೆ?”

“ಹೇಳಿದ್ರೆ ಬ್ಯಾಡ ಅಂತಿದ್ದೆ. ನಾಳೆ ನನ್ನ ಮಗಳಿಗೆ ಎಡೆ ಇಡ್ಬೇಕು ಕಣಪ್ಪ. ನಿನ್ನ ಮನೇಲಿ.”

ನಾವು ಕ್ರೈಸ್ತರು. ನಮ್ಮಲ್ಲಿ ಸತ್ತವರಿಗೆ ಎಡೆ ಇಡುವುದಿಲ್ಲ. ಅದು ಅತ್ತೆಗೂ ಗೊತ್ತಿತ್ತು. ಮಗಳು ಮದುವೆಗೆ ಮೊದಲೇ ದೀಕ್ಷಾಸ್ನಾನ ಪಡೆದಿದ್ದಳು. ಎಪ್ಪತ್ತರ ದಶಕದಲ್ಲಿ ಅವಳು ತುಮಕೂರಿನಲ್ಲಿ ಹೊಲಿಗೆ ಕ್ಲಾಸಿಗೆ ಬರುತ್ತಿದ್ದಾಗ, ಅಲ್ಲಿನ ಹೊಲಿಗೆ ಮಿಷನ್‌ಗಳನ್ನು ರಿಪೇರಿ ಮಾಡಲು ಹೋಗುತ್ತಿದ್ದವನು ನಾನು. ಮದುವೆಯಾದ ಮೇಲೆ ಅವಳ ಅಣ್ಣಂದಿರು ನಮ್ಮ ಹೊಸಿಲು ತುಳಿಯಲಿಲ್ಲ. ಅತ್ತೆ ಮಾತ್ರ ಸಂತೆಗೆ ಹೋಗುತ್ತೇನೆಂದು ಹೇಳಿ ಬಂದು ಹೋಗುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ. ಆ ವರ್ಷ ಮುಂಗಾರಿನಲ್ಲಿ ಅವಳಿಗೆ ಕಾಮಾಲೆ ಬಂತು. ಮೂರು ವಾರವೂ ಉಳಿಯಲಿಲ್ಲ.

ಊರಿನಲ್ಲೇ ಏಕೆ ಎಡೆ ಇಡಲಿಲ್ಲವೆಂದು ಕೇಳಿದೆ. ಗಂಡುಮಕ್ಕಳು ಒಪ್ಪಲಿಲ್ಲವಂತೆ. ಮದುವೆಯಾಗಿ ಹೋದ ಹೆಣ್ಣಿಗೆ ಗಂಡನ ಮನೆಯಲ್ಲಿ ಎಡೆ, ತವರಿನಲ್ಲಿ ಇಡುವ ಪದ್ಧತಿಯಿಲ್ಲ ಎಂದರಂತೆ. ಪದ್ಧತಿಯೇನೋ ಅದೇ. ಆ ಗಂಡನ ಮನೆ ನನ್ನದಾಗಿತ್ತು, ಅಷ್ಟೆ.

“ವರ್ಷಕ್ಕೊಂದ್ ದಿನ ಎಲ್ಲಾರ್ ಮನೇಲೂ ಸತ್ತೋರು ಬಂದು ಉಂಡು ಹೋಗ್ತಾರೆ. ನನ್ನ ಮಗಳೊಬ್ಳು ಹಸ್ಕಂಡು ತಿರುಗ್ಬೇಕಾ?”

ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅವರನ್ನು ಮನೆಗೆ ಬಿಟ್ಟು, ಕೆಲಸವಿದೆ ಎಂದು ಹೇಳಿ ಕುಣಿಗಲ್ ಬಸ್ಸು ಹತ್ತಿದೆ.

ಕುಣಿಗಲ್ಲಿನಲ್ಲಿ ನಮ್ಮಪ್ಪ ಇದ್ದರು. ಅಲ್ಲಿನ ಚರ್ಚಿನ ಸಭೆಯಲ್ಲಿ ಬಹಳ ವರ್ಷ ಉಪದೇಶಿಯಾಗಿ ಕೆಲಸ ಮಾಡಿದವರು. ಭಾನುವಾರದ ಆರಾಧನೆ ಮುಗಿದ ಮೇಲೆ ಜನ ಅವರನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿಕೊಂಡು ಏನೇನೋ ಕೇಳುತ್ತಿದ್ದರು. ಜಮೀನು ಕೇಸಿನಲ್ಲಿ ಅಣ್ಣನ ಕಡೆ ಸುಳ್ಳು ಸಾಕ್ಷಿ ಹೇಳಬಹುದೇ ಎಂದು ಒಬ್ಬ ಕೇಳಿದ್ದ. “ಬೇಡ. ಅಣ್ಣನ ಜೊತೆ ಕೋರ್ಟಿಗೆ ಹೋಗು, ಬುತ್ತಿ ತಗಂಡೋಗು, ಸಾಕ್ಷಿ ಮಾತ್ರ ಹೇಳ್ಬೇಡ” ಎಂದಿದ್ದರು. ಭಾನುವಾರ ರಾಗಿ ಕೊಯ್ಯಬಹುದೇ ಎಂದವನಿಗೆ, “ಮೋಡ ಇದ್ರೆ ಕೊಯ್ಯಿ. ಮೋಡ ಇಲ್ದಿದ್ರೆ ಸುಮ್ನೆ ನನ್ನ ಕೇಳ್ಬೇಡ” ಎಂದರು. ನನಗೂ ಹಾಗೆಯೇ ಒಂದು ಮಾತಿನ ಉತ್ತರ ಸಿಗುತ್ತದೆ, ತೆಗೆದುಕೊಂಡು ಹೋಗಿ ಅತ್ತೆಯ ಮುಂದೆ ಇಟ್ಟರಾಯಿತು ಎಂದುಕೊಂಡಿದ್ದೆ.

ಅಪ್ಪ ಎಲ್ಲವನ್ನೂ ಕೇಳಿದರು.

“ಇಡಬಹುದೋ ಇಲ್ವೋ, ನಿಂಗೆ ಗೊತ್ತಿಲ್ವೇನ್ಲಾ?”

“ಗೊತ್ತು.”

“ಗೊತ್ತಿದ್ದೂ ಅಷ್ಟು ದೂರದಿಂದ ಯಾಕ್ ಬಂದೆ? ನಮ್ಮಪ್ಪ ಬೇಡ ಅಂದ್ರು ಅಂತ ಆಯಮ್ಮಂಗೆ ಹೇಳೋಕಾ?”

ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

“ನನ್ನ ಹೆಸರು ಹೇಳ್ಬೇಡ ಕಣೋ. ಆಯಮ್ಮ ಕೇಳ್ತಾ ಇರೋದು ನಿನ್ನ. ನೀನು ನಂಬಿರೋದನ್ನ ನೀನೇ ಹೇಳು. ನಂಬ್ದೆ ಇದ್ರೆ ಅದನ್ನೂ ಹೇಳು.”

ವಾಪಸು ಬರುವಾಗ ಬಸ್ಸಿನಲ್ಲಿ ಆ ಕೊನೆಯ ಮಾತೇ ತಲೆಯಲ್ಲಿತ್ತು. ಮಣ್ಣು ಮಾಡಿದ ದಿನ, ಅವಳು ಕರ್ತನ ಬಳಿ ಇದ್ದಾಳೆಂದು ಎಲ್ಲರೂ ಹೇಳಿದರು. ನಾನೂ ಆಮೆನ್ ಅಂದಿದ್ದೆ. ಆಮೇಲೆ ಒಬ್ಬನೇ ಕೂತು ಆ ಮಾತನ್ನು ಒಂದು ಸಲವೂ ಹೇಳಿಕೊಂಡಿರಲಿಲ್ಲ.

ಮರುದಿನ ಅತ್ತೆ ಬೆಳಗ್ಗೆಯೇ ಅಡುಗೆಗೆ ನಿಂತರು. ಕೋಳಿ ಸಾರು, ಮುದ್ದೆ, ಅನ್ನ, ಕಡಲೆಕಾಳು, ಕರ್ಜಿಕಾಯಿ. ಎಲ್ಲ ಅವಳಿಗೆ ಇಷ್ಟವಾದದ್ದೇ. ಗೋಡೆಯ ಮೇಲಿದ್ದ ಅವಳ ಫೋಟೋದ ಕೆಳಗೆ ನೆಲ ಸಾರಿಸಿ ಬಾಳೆ ಎಲೆ ಹಾಸಿದರು. ಗಂಟಿನಿಂದ ಹೊಸ ಸೀರೆ ತೆಗೆದು ಪಕ್ಕದಲ್ಲಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

“ನೀನೇನೂ ಮಾಡ್ಬ್ಯಾಡ. ಬಡ್ಸೋಳೂ ನಾನೆ, ಧೂಪ ಹಾಕೋಳೂ ನಾನೆ. ನೀನು ಒಂದ್ ಕಾಲುಗಂಟೆ ಆಚೆ ನಿಂತ್ಕೊ. ನೀನು ನೋಡ್ದಂಗೂ ಆಯ್ತದೆ, ನಿಮ್ಮ ದೇವ್ರಿಗೆ ಉತ್ರ ಕೊಡೋದೂ ತಪ್ತದೆ.”

ಸುಲಭವಾಗಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಹೊಸಿಲವರೆಗೂ ಹೋದೆ. ಅಲ್ಲಿ ನಿಂತಾಗ ಒಂದು ವಿಷಯ ಹೊಳೆಯಿತು. ಎಡೆ ಇಟ್ಟ ಮೇಲೆ ಮನೆಯವರೆಲ್ಲ ಆಚೆ ಬಂದು ಬಾಗಿಲು ಮುಚ್ಚುತ್ತಾರೆ, ಸತ್ತವರು ಬಂದು ಉಣ್ಣಲಿ ಎಂದು. ಆಚೆ ಹೋದರೆ ನಾನು ಎಡೆಯಿಂದ ದೂರ ಉಳಿದ ಹಾಗಲ್ಲ. ಮನೆಯ ಯಜಮಾನ ಮಾಡಬೇಕಾದದ್ದನ್ನು ಸರಿಯಾಗಿ ಮಾಡಿದ ಹಾಗೆ. ಚಪ್ಪಲಿ ಬಿಟ್ಟು ಒಳಗೆ ಬಂದೆ.

“ಅತ್ತೆ, ನಾನು ಆಚೆ ಹೋಗಲ್ಲ.”

“ನೀನ್ ಒಳಗಿದ್ರೆ ಅವಳು ಬರಾಕಿಲ್ಲ ಕಣಪ್ಪ.”

“ಅವಳು ಬರಲ್ಲ ಅತ್ತೆ. ಯೇಸುಸ್ವಾಮಿ ಹತ್ರ ಇದಾಳೆ. ಅವಳಿಗೆ ಹಸಿವಿಲ್ಲ. ಈ ಮನೇಲಿ ಎಡೆ ಬೇಡ.”

“ನೀನ್ ನೋಡ್ಕಂಡ್ ಬಂದ್ಯಾ?”

“ಇಲ್ಲ. ನಂಬಿದೀನಿ.”

“ನಂಬ್ಕೆ ನಿಂದು. ಹೆತ್ತ ಹೊಟ್ಟೆ ನಂದು.” ಅತ್ತೆ ಸೌಟು ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟರು. “ಅಣ್ಣಂದ್ರೂ ಬ್ಯಾಡ ಅಂದ್ರು. ಗಂಡನೂ ಬ್ಯಾಡ ಅಂತಾನೆ. ನನ್ನ ಮಗಳು ಎಲ್ಲಿಗೋಗ್ತಾಳೆ?”

ತೋಚಿದ್ದನ್ನು ಹೇಳಿದೆ. “ಬಾಗ್ಲು ಮುಚ್ಚಿದ್ರೆ ಅವಳು ಬರೋ ಹಾಗಿದ್ರೆ ನಾನು ದಿನಾ ಮುಚ್ತಿದ್ದೆ ಅತ್ತೆ.”

ಅತ್ತೆ ಸೌಟು ಕೆಳಗಿಟ್ಟರು.

“ಅವಳಿಗೆ ಹಸಿವಿಲ್ಲ ಅಂತ ದಿಟ್ವಾಗ್ಲೂ ನಂಬಿದೀಯಾ?”

“ಹೂಂ.”

“ಮತ್ತೆ ನೀನ್ಯಾಕಪ್ಪ ಉಪಾಸ ಬಿದ್ದಿದೀಯ? ನೆನ್ನೆ ಬಂದ್ ನೋಡ್ತೀನಿ, ಒಲೆ ಒಳಗೆ ಜೇಡ ಗೂಡು ಕಟ್ಟೈತೆ. ಅಂಗಿ ಒಳಗೆ ನೀನು ಇದೀಯೋ ಇಲ್ವೋ ಗೊತ್ತಾಗಾಕಿಲ್ಲ. ಬಾಯಲ್ಲಿ ಹೇಳೋದು ಒಂದು, ಬಾಳೋದು ಇನ್ನೊಂದಾ?”

ಅತ್ತೆ ಎಲೆಯನ್ನು ಗೋಡೆಯ ಕಡೆಯಿಂದ ಎಳೆದು ನನ್ನ ಮುಂದೆ ಹಾಕಿದರು. ನಾನು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದೆ. ಮುಗಿಯುವವರೆಗೂ ಅವರು ಬಡಿಸದೆ ಕಾದರು.

ಉಣ್ಣುವುದು ಹೇಳಿದ್ದಕ್ಕಿಂತ ಕಷ್ಟವಾಯಿತು. ಅವಳು ಹೋದ ಮೇಲೆ ನಾನು ಅಂಗಡಿಯಲ್ಲಿ ಬನ್ನು, ಟೀ ಮೇಲೆಯೇ ದಿನ ತಳ್ಳುತ್ತಿದ್ದೆ. ಅರ್ಧ ಮುದ್ದೆಗೇ ಕೈ ನಿಲ್ಲಿಸಿದೆ. ಅತ್ತೆ ಏನೂ ಆಗಿಲ್ಲವೆಂಬಂತೆ ಮೇಲೆ ಸಾರು ಬಿಟ್ಟು, “ಉಪ್ಪು ಐತಾ?” ಎಂದರು. “ಐತೆ” ಎಂದೆ. ಕಣ್ಣೀರು ಒರೆಸಿಕೊಳ್ಳಲು ಎಡಗೈ ಎತ್ತಿದರೆ, “ಮೊದ್ಲು ಉಣ್ಣು, ಆಮೇಲ್ ಅಳೀವಂತೆ” ಎಂದರು. ಎಲೆ ಖಾಲಿಯಾಗುವವರೆಗೂ ಏಳಲು ಬಿಡಲಿಲ್ಲ. ಸೀರೆಯನ್ನು ಮತ್ತೆ ಗಂಟಿನಲ್ಲಿ ಕಟ್ಟಿಕೊಂಡು ಸಂಜೆಯ ಬಸ್ಸಿಗೆ ಹೊರಟರು. ಬಸ್ಸು ಬರುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಎಡೆ ಇಟ್ಟು ಬಂದೆ ಎಂದು ಅತ್ತೆ ಊರಿನಲ್ಲಿ ಹೇಳಬಹುದಿತ್ತು. ಹೋಗಿ ನೋಡುವವರು ಯಾರೂ ಇರಲಿಲ್ಲ. ಗಂಡುಮಕ್ಕಳು ಕೇಳಿದಾಗ ಅವರು, “ಇಡ್ಲಿಲ್ಲ. ಅಳಿಯಾನೇ ಕೂತ್ಕಂಡು ಎಲ್ಲಾ ಉಂಡ” ಎಂದರಂತೆ. ಆಮೇಲೆ ಅಣ್ಣಂದಿರಲ್ಲಿ ಏನು ಮಾತಾಯಿತೋ ಗೊತ್ತಿಲ್ಲ. ಮುಂದಿನ ವರ್ಷ ಪದ್ಧತಿ ಬದಿಗಿಟ್ಟು, ತಮ್ಮ ಹಿರಿಯರ ಎಲೆಗಳ ಪಕ್ಕದಲ್ಲಿ ತಂಗಿಗೂ ಒಂದು ಎಲೆ ಹಾಕಿದರು. ನಾನು ಒಪ್ಪಲಾರದ ಕೆಲಸ ಅದು. ಆದರೂ ಸುದ್ದಿ ಕೇಳಿ ಹೊಟ್ಟೆ ತಣ್ಣಗಾಯಿತು. ಎರಡೂ ನಿಜ.

ಆ ವರ್ಷದ ಅಮಾವಾಸ್ಯೆಯ ಮಾರನೆಯ ದಿನ ಅತ್ತೆ ಅಂಗಡಿಗೆ ಬಂದು ಮೂರು ಡಬ್ಬಿಯ ಕ್ಯಾರಿಯರ್ ಮಿಷನ್ ಮೇಲೆ ಇಟ್ಟರು.

“ಎಡೇದಲ್ಲ. ನಿಂಗೆ ಅಂತ ಬೆಳಿಗ್ಗೆ ಬ್ಯಾರೆ ಒಲೆ ಹಚ್ಚಿ ಮಾಡ್ದೆ. ಪ್ರಾರ್ಥ್ನೆ ಮಾಡ್ಕಂಡು ಉಣ್ಣು.”