ಹಾಡು ಮುಗಿದ ಮೇಲಿನ ಎಂಟು ಎಣಿಕೆ

ಹಾಡನ್ನು ಕಥೆಯ ನಡುವಿನ ವಿರಾಮವೆಂದು ಬಗೆಯದೆ, ಕಥೆಯೇ ಎದ್ದು ನಿಂತು ಕುಣಿಯುವ ಗಳಿಗೆಯೆಂದು ನಂಬಿ ಚಿತ್ರ ತೆಗೆದ ನಿರ್ದೇಶಕರು ಎಷ್ಟು ಮಂದಿ ಇದ್ದಾರೋ ನಾನರಿಯೆ. ನಾನು ಕಂಡವರು ಒಬ್ಬರೇ. ನಲವತ್ತೆರಡು ವರ್ಷಗಳಲ್ಲಿ ಹತ್ತೊಂಬತ್ತು ಸಂಗೀತಮಯ ಚಿತ್ರಗಳನ್ನು ಕೊಟ್ಟು ಇಂದು ನಿವೃತ್ತರಾಗುತ್ತಿರುವ ಅವರನ್ನು ನಾವೆಲ್ಲ ‘ಮೇಷ್ಟ್ರು’ ಎಂದೇ ಕರೆಯುತ್ತ ಬಂದೆವು.

ನಾನು ಅವರ ಬಳಿ ಸೇರಿದಾಗ ನನಗೆ ಇಪ್ಪತ್ತೊಂದು. ಯಾವ ದೃಶ್ಯದಲ್ಲಿ ಯಾರ ಕೈಯಲ್ಲಿ ಏನಿತ್ತು, ಜಡೆ ಯಾವ ಹೆಗಲ ಮೇಲಿತ್ತು ಎಂದು ಬರೆದಿಡುವುದು ನನ್ನ ಕೆಲಸ. ಮೇಷ್ಟ್ರದೊಂದು ಪದ್ಧತಿಯಿತ್ತು. ಹಾಡು ಮುಗಿದರೂ ಅವರು ‘ಕಟ್’ ಎನ್ನುತ್ತಿರಲಿಲ್ಲ. ತುಟಿಯಲ್ಲೇ ಎಂಟು ಎಣಿಸುವವರೆಗೆ ಕ್ಯಾಮೆರಾ ಓಡುತ್ತಿರಬೇಕು. ಆ ಚೂರುಗಳನ್ನು ಕತ್ತರಿಸಿ ಬುಟ್ಟಿಗೆ ಹಾಕಿ ಸಾಕಾದ ಸಂಕಲನಕಾರರು ಒಮ್ಮೆ ಗೊಣಗಿದರು: “ಫಿಲ್ಮ್ ಏನು ಮರದಲ್ಲಿ ಬಿಡುತ್ತಾ ಮೇಷ್ಟ್ರೇ?”

“ಹಾಡು ನಿಂತ ತಕ್ಷಣ ಕಾಲು ನಿಲ್ಲಲ್ಲಪ್ಪ. ಅದಕ್ಕೂ ಸ್ವಲ್ಪ ಟೈಮ್ ಕೊಡು.”

ನನ್ನ ಮೂರನೆಯ ಚಿತ್ರದಲ್ಲಿ ದೊಡ್ಡ ತಪ್ಪು ಮಾಡಿದೆ. ಮೆಟ್ಟಿಲಿಳಿಯುತ್ತ ಕುಣಿಯುವ ನಾಯಕಿಯ ಬಲಗೈಯಲ್ಲಿದ್ದ ಕೊಡೆ, ಎರಡು ದಿನ ಬಿಟ್ಟು ತೆಗೆದ ಮುಂದಿನ ತುಣುಕಿನಲ್ಲಿ ಎಡಗೈಗೆ ಹೋಗಿತ್ತು. ನನ್ನ ಪುಸ್ತಕದಲ್ಲೇ ತಪ್ಪಾಗಿ ಬರೆದಿದ್ದೆ. ಗೊತ್ತಾಗುವಷ್ಟರಲ್ಲಿ ಸೆಟ್ ಬಿಚ್ಚಿಯಾಗಿತ್ತು. “ಯಾರ ಕೆಲಸ ಇದು?” ಎಂದು ನಿರ್ಮಾಪಕರು ಕೇಳಿದರು.

ಮೇಷ್ಟ್ರು “ನಂದೇ” ಎಂದು ಒಳಗೆ ಹೋಗಿ, ಸಂಕಲನಕಾರರ ಬುಟ್ಟಿಯನ್ನು ನೆಲಕ್ಕೆ ಸುರಿದುಕೊಂಡು ಕೂತರು. ಎಂಟೆಣಿಕೆಯ ಚೂರೊಂದರಲ್ಲಿ, ಹಾಡು ಮುಗಿಯಿತೆಂದು ನಿರಾಳಳಾದ ನಾಯಕಿ ಅದೇ ಮೆಟ್ಟಿಲ ಮೇಲೆ ನಗುತ್ತ ಕೊಡೆಯನ್ನು ಮೇಲಕ್ಕೆಸೆದು ಎಡಗೈಯಲ್ಲಿ ಹಿಡಿದಿದ್ದಳು. ಅದನ್ನೇ ನಡುವೆ ಅಂಟಿಸಿದರು. ಚಿತ್ರಮಂದಿರದಲ್ಲಿ ಜನ ಶಿಳ್ಳೆ ಹೊಡೆದದ್ದೂ ಅಲ್ಲೇ.

“ನೋಡಮ್ಮ, ನಿನ್ನ ತಪ್ಪಿಗೆ ಎಂಥ ಶಿಳ್ಳೆ,” ಎಂದರು.

ಮಗಳು ಹುಟ್ಟಿದ ಮೇಲೆ ನಾನು ಕೆಲಸ ಬಿಟ್ಟೆ. ಬಿಟ್ಟೆನೆಂದು ನಾನು ಹೇಳಿದೆ, ಮೇಷ್ಟ್ರು ಒಪ್ಪಲಿಲ್ಲ. ಪ್ರತಿ ಚಿತ್ರದ ಹಾಡುಗಳಲ್ಲಿ ಯಾರ ಕೈಯಲ್ಲಿ ಏನಿತ್ತೆಂದು ಬರೆದ ಪುಸ್ತಕವೂ ಮನೆಗೆ ಬರುತ್ತಿತ್ತು. ಒಲೆಯ ಮೇಲೆ ಹಾಲಿಟ್ಟು, ಒಂದು ಕೈಯಲ್ಲಿ ತೊಟ್ಟಿಲು ತೂಗುತ್ತ ತಿದ್ದಿ ಕಳಿಸುತ್ತಿದ್ದೆ. ಹಾಲು ಎಷ್ಟೋ ಸಲ ಉಕ್ಕಿತು.

ಅವರ ಇಪ್ಪತ್ತನೆಯ ಚಿತ್ರದ ಕೊನೆಯ ಹಾಡು, ಮನೆಗೆಲಸ ಮುಗಿಸಿ ಕಿಟಕಿಯ ಬಳಿ ಒಬ್ಬಳೇ ಕುಣಿಯುವ ತಾಯಿಯದು. ಧ್ವನಿಮುದ್ರಣ ಮುಗಿಯಿತು, ಅರ್ಧ ಸೆಟ್ಟೂ ಎದ್ದಿತು. ಅಷ್ಟರಲ್ಲಿ, ಇಂಥ ಚಿತ್ರಗಳ ಕಾಲ ಮುಗಿಯಿತೆಂದು ನಿರ್ಮಾಪಕರು ಕೈಬಿಟ್ಟರು. ಆ ಸೆಟ್ಟಿನ ಕಿಟಕಿ ಹನ್ನೊಂದು ವರ್ಷಗಳಿಂದ ಮೇಷ್ಟ್ರ ಮನೆಯ ಗೋಡೆಗೆ ಒರಗಿ ನಿಂತಿದೆ. ಆಚೆಗೆ ಏನೂ ಕಾಣದ ಕಿಟಕಿ.

ಕಳೆದ ತಿಂಗಳು, ಅವರ ಅಭಿನಂದನಾ ಸಂಪುಟಕ್ಕೆ ಬರೆಯುವ ಈ ಲೇಖನದ ವಿಷಯ ಹೇಳಲು ಹೋದಾಗ ಅವರು ಅದರ ಧೂಳು ಒರೆಸುತ್ತಿದ್ದರು.

“ಆ ಹಾಡು ನೆನಪಿದೆಯೇನಮ್ಮ?”

“ದಿನಾ ಪಾತ್ರೆ ತೊಳೀತಾ ಹಾಡ್ತೀನಿ ಮೇಷ್ಟ್ರೇ. ಮಗಳಿಗೂ ಬಾಯಿಗೆ ಬಂದ್ಬಿಟ್ಟಿದೆ.”

“ಸೌಟು ಯಾವ ಕೈಯಲ್ಲಿರುತ್ತೆ, ಬರ್ಕೊಂಡಿದೀಯಾ?”

ಇಬ್ಬರೂ ನಕ್ಕೆವು. ನಕ್ಕ ಮೇಲೂ ಅವರು ಒರೆಸುವುದನ್ನು ನಿಲ್ಲಿಸಲಿಲ್ಲ.

ಮೇಷ್ಟ್ರು ನೂರು ವರ್ಷ ಬಾಳಲಿ ಎಂದು ಹಾರೈಸುವವರಲ್ಲಿ ನಾನೂ ಒಬ್ಬಳು. ಆದರೆ ನನ್ನ ಹಾರೈಕೆಯಲ್ಲಿ ಸ್ವಾರ್ಥವಿದೆ. ಈ ಸಂಪುಟ ಓದುವವರಲ್ಲಿ ಯಾರಾದರೂ ಆ ಹಾಡಿಗಾಗಿ ಒಂದು ಕ್ಯಾಮೆರಾ, ಒಂದು ಹಗಲು ಕೊಟ್ಟರೆ ಸಾಕು. ಕಿಟಕಿ ಅವರ ಬಳಿ ಇದೆ, ಬರೆದುಕೊಳ್ಳುವ ಪುಸ್ತಕ ನನ್ನ ಬಳಿ ಇದೆ. ಹಾಡು ಮುಗಿಯಿತೆಂದು ಉಳಿದವರು ದೀಪ ಆರಿಸಿ ಹೋಗಿರಬಹುದು. ಮೇಷ್ಟ್ರು ಇನ್ನೂ ‘ಕಟ್’ ಎಂದಿಲ್ಲ.