ಗುಂಡಿಗಳಿಲ್ಲದ ಹಾರ್ನಿಗೊಂದು ‘ವ್ಹಾ!’

ಪರದೇಶದ ಪ್ಯಾರಮಟ್ಟಾ ಉಪನಗರದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದ ಧಾರವಾಡದ ಅಂಕಲ್, ರಾಗ ಕೇಳಿದಾಗಷ್ಟೇ ಅಲ್ಲ, ನಮ್ಮ ಮನೆಯ ಉಪ್ಪಿಟ್ಟು ತಿಂದಾಗಲೂ ಅಂಗೈ ಮೇಲೆತ್ತಿ “ವ್ಹಾ!” ಎನ್ನುತ್ತಿದ್ದರು. “ಛಲೋ ಇದ್ರ ಛಲೋ ಅನ್ಬೇಕ್ರಿ” ಎಂಬುದು ಅವರ ಮಾತು.

ಒಮ್ಮೆ ಅವರನ್ನು ಸಿಟಿಯ ಕಾನ್ಸರ್ಟಿಗೆ ಕರೆದೊಯ್ದೆ. ಬೆರಳಿನಿಂದ ಒತ್ತುವ ಗುಂಡಿಗಳೇ ಇಲ್ಲದ ಹಳೆಯ, ಊದುವ ಹಿತ್ತಾಳೆ ಹಾರ್ನಿಗಾಗಿ ಇನ್ನೂರು ವರ್ಷಗಳ ಹಿಂದೆ ಬರೆದ ಕನ್ಚೆರ್ಟೊ, ಅಂದರೆ ಒಂದು ವಾದ್ಯ ಮುಂದಾಗಿ ವಾದ್ಯವೃಂದದೊಡನೆ ನುಡಿಸುವ, ಹಲವು ಭಾಗಗಳ ಕೃತಿ. ಹಾರ್ನು, ಜತೆಗಿನ ಪಿಟೀಲುಗಳ ತಂತಿ, ಶ್ರುತಿ ಎಲ್ಲವೂ ಆ ಕಾಲದವೇ ಎಂದು ವಾದಕ ಮೊದಲೇ ಹೆಮ್ಮೆಯಿಂದ ಹೇಳಿದ. ಆಗಿನ ಜನ ನಡುನಡುವೆಯೇ ಕೂಗಿ ಮೆಚ್ಚುತ್ತಿದ್ದರಂತೆ. ಸಭೆ ನಕ್ಕಿತು.

ಈಗಿನ ಪದ್ಧತಿಯಲ್ಲಿ ಕೃತಿ ಪೂರ್ತಿ ಮುಗಿಯುವವರೆಗೆ ಯಾರೂ ಚಪ್ಪಾಳೆ ತಟ್ಟುವಂತಿಲ್ಲ. ಮೊದಲ ಭಾಗ ಮುಗಿದ ನಿಶ್ಶಬ್ದದಲ್ಲಿ ಅಂಕಲ್ ಒಬ್ಬರೇ “ವ್ಹಾ!” ಎಂದು ಚಪ್ಪಾಳೆ ತಟ್ಟಿದರು. ಮುಂದಿನ ಸಾಲುಗಳ ತಲೆಗಳೆಲ್ಲ ತಿರುಗಿದವು. ವಾದಕನೂ ಕೇಳಿಸದವನಂತೆ ಹಾರ್ನ್ ಮಗುಚಿ, ಊದಿದ ಉಸಿರಿನಿಂದ ಒಳಗೆ ನಿಂತ ನೀರು ಬಸಿದ.

ಅಂಕಲ್ ನನ್ನತ್ತ ಬಾಗಿದರು: “ಎಲ್ಲಾ ಆ ಕಾಲದ್ದ ತಂದಾರ. ಕೇಳೋ ಮಂದೀನ್ನ ತರೂದು ಮರತಾರೇನ್ರಿ?”