ಡೆಟ್ರಾಯಿಟ್‌ಗೆ, ಒಂದು ಹೆಸರಿನ ಸಲುವಾಗಿ

ಶಿಕಾಗೋ ನಗರದಿಂದ ಡೆಟ್ರಾಯಿಟ್ ಸೀಮೆಗೆ ನಾನು ಹೊರಟದ್ದು ಊರು ನೋಡುವ ಆಸೆಯಿಂದಲ್ಲ. ಸ್ಟರ್ಲಿಂಗ್ ಹೈಟ್ಸ್‌ನಲ್ಲಿರುವ ನನ್ನ ತಂಗಿ ಗಿರಿಜಮ್ಮನಿಗೆ ಅಮೆರಿಕದ ಪೌರತ್ವದ ಸಂದರ್ಶನ ಗೊತ್ತಾಗಿತ್ತು. ಪೌರತ್ವ ಪಡೆಯುವಾಗ ಹೆಸರನ್ನೂ ಬದಲಾಯಿಸಿಕೊಳ್ಳಲು ಈ ದೇಶದಲ್ಲಿ ಅವಕಾಶವಿದೆ. ಹೊಸ ಹೆಸರು ಯಾವುದೆಂದು ಸಂದರ್ಶನದಲ್ಲಿ ಖಚಿತಪಡಿಸಬೇಕು. ಇಪ್ಪತ್ತು ವರ್ಷಗಳಿಂದ ಅವಳ ಹೆಸರಿಗೆ ಅಂಟಿಕೊಂಡಿರುವ ಅವಮಾನವೊಂದನ್ನು ಕಿತ್ತುಹಾಕಿಸಿ, ಆ ಜಾಗದಲ್ಲಿ ನಮ್ಮ ತಂದೆಯವರ ಹೆಸರನ್ನು ಕೂರಿಸಬೇಕೆಂಬ ಸಂಕಲ್ಪದಿಂದ ನಾನು ಹೊರಟಿದ್ದೆ.

ಅವಮಾನ ಎಂದೆ, ಕಾರಣ ಹೇಳುತ್ತೇನೆ. ನಮ್ಮ ಕಡೆ ಅಡ್ಡಹೆಸರಿನ ಪದ್ಧತಿಯಿಲ್ಲ. ನಾನು ಹೆಚ್. ಎಸ್. ಚನ್ನಬಸಪ್ಪ: ಹೊನ್ನಾಳಿ ಊರು, ಸಿದ್ದಪ್ಪನವರು ತಂದೆ. ಪಾಸ್‌ಪೋರ್ಟ್ ಆಗುವಾಗ ತಂಗಿಗೂ ನನಗೂ ಇನಿಷಿಯಲ್‌ಗಳು ಉದುರಿ ಬರೀ ಹೆಸರು ಉಳಿಯಿತು. ವೀಸಾದಲ್ಲಿ ಆ ಒಂದೇ ಹೆಸರನ್ನು ಅಡ್ಡಹೆಸರಿನ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗ ಖಾಲಿ ಉಳಿದದ್ದರಿಂದ ಅಲ್ಲಿ ಎಫ್, ಎನ್, ಯು ಎಂಬ ಮೂರು ಅಕ್ಷರ ಬರೆದರು. ‘ಫಸ್ಟ್ ನೇಮ್ ಅನ್‌ನೋನ್’, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಎಂಬುದರ ಸಂಕ್ಷೇಪವಂತೆ ಅದು. ಇಲ್ಲಿನ ಜನ ಅದನ್ನೇ ಹೆಸರೆಂದು ತಿಳಿದು ‘ಫ್ನೂ’ ಎಂದು ಕೂಗುತ್ತಾರೆ. ಮೂರು ತಿಂಗಳ ಹಿಂದೆ ಶಿಕಾಗೋದ ಮಗಳ ಮನೆಗೆಂದು ಬಂದಿಳಿದ ದಿನ ವಿಮಾನ ನಿಲ್ದಾಣದಲ್ಲಿ ನನ್ನನ್ನು “ವೆಲ್‌ಕಮ್, ಫ್ನೂ” ಎಂದು ಬರಮಾಡಿಕೊಂಡವನ ಮುಖ ನನಗೆ ಕನ್ನಡಕದ ಬಣ್ಣ ಸಹಿತ ನೆನಪಿದೆ. ಹಲ್ಲಿನ ಡಾಕ್ಟರ ಸಹಾಯಕಿಯನ್ನೂ ಗ್ರಂಥಾಲಯದ ಕೌಂಟರಿನಲ್ಲಿದ್ದ ಯುವಕನನ್ನೂ ನಾನು ಮರೆತಿಲ್ಲ. ಅಮೆರಿಕದ ಸ್ವಾತಂತ್ರ್ಯ ಸಮರವನ್ನು ಪ್ರೌಢಶಾಲೆಯ ಮಕ್ಕಳಿಗೆ ಒಂದು ತಲೆಮಾರಿನಷ್ಟು ಕಾಲ ಪಾಠ ಮಾಡಿದವನು ನಾನು. ಆ ದೇಶದ ಬಾಗಿಲಲ್ಲಿ ಹೆಸರು ಗೊತ್ತಿಲ್ಲದವನಾದೆ.

ಹೊರಡುವ ಹಿಂದಿನ ದಿನ ಮಗಳು ಸುಮಾ ನನ್ನನ್ನು ಡೆವನ್ ಅವೆನ್ಯೂಗೆ ಕರೆದೊಯ್ದಳು. ಕಾರು ನಿಲ್ಲಿಸುವ ಜಾಗಕ್ಕಾಗಿ ಅದೇ ಬೀದಿಯನ್ನು ಮೂರು ಸುತ್ತು ಹಾಕಿದ್ದಾಯಿತು. ಸೀರೆ ಅಂಗಡಿಗಳ ಸಾಲು ದಾಟಿ ಒಂದು ದಿನಸಿ ಅಂಗಡಿ ಹೊಕ್ಕೆವು. ಮಂಡಕ್ಕಿ ಇದೆಯೇ ಎಂದು ನಾನು ಸುಮಾಳನ್ನು ಕೇಳಿದ್ದು ಕಿವಿಗೆ ಬಿದ್ದು ಅಂಗಡಿಯ ಮಾಲೀಕರು ಎದ್ದೇ ಬಂದರು. ಹರಿಹರದ ಖಲೀಲ್ ಸಾಹೇಬರು. ನನ್ನ ಊರು, ಮರುದಿನದ ಪ್ರಯಾಣ ಎರಡನ್ನೂ ವಿಚಾರಿಸಿ ತಿಳಿದುಕೊಂಡರು.

“ಹೊನ್ನಾಳಿಯವರಾ ಸಾರ್? ನಮ್ಮ ತಾಯಿಯ ತವರು! ತಂಗಿ ಮನೆಗೆ ಹೊರಟ್ರಾ, ಏನು ವಿಶೇಷ?”

ನಾನು ವಿಷಯ ಹೇಳಿದೆ. ಅವರು ಕೌಂಟರ್ ಹಿಡಿದುಕೊಂಡು ನಕ್ಕರು.

“ನನ್ನ ಹೆಂಡ್ತಿನೂ ಫ್ನೂನೇ ಸಾರ್! ಬಂದ ಹೊಸದರಲ್ಲಿ ಆಸ್ಪತ್ರೆಯಲ್ಲಿ ಎಲ್ಲರೂ ಹಂಗೇ ಕರೆಯೋರು. ಫ್ನೂ ಅಂದ್ರೆ ಇಲ್ಲಿ ಮೇಡಂ ಅನ್ನೋ ಹಂಗೆ ಏನೋ ಮರ್ಯಾದೆ ಮಾತು ಅಂದ್ಕೊಂಡು, ಅವಳು ನರ್ಸ್‌ಗೆ ‘ಥ್ಯಾಂಕ್ಯೂ ಫ್ನೂ’ ಅಂದುಬಿಟ್ಟಿದ್ದಳು!”

“ಇದು ನಗುವ ವಿಷಯವಲ್ಲ” ಎಂದೆ.

“ಅಳೋ ವಿಷಯಾನೂ ಅಲ್ಲ ಬಿಡಿ ಸಾರ್. ಮಂಡಕ್ಕಿ ಎಷ್ಟು ಪ್ಯಾಕೆಟ್ ಹಾಕ್ಲಿ?”

ಮರುದಿನ ಬೆಳಿಗ್ಗೆ ರೈಲು ಹತ್ತಿದೆ. ಏಪ್ರಿಲ್ ತಿಂಗಳಾದರೂ ಚಳಿ ನಮ್ಮ ಲೆಕ್ಕದ ನಾಲ್ಕೈದು ಡಿಗ್ರಿ, ಅಂದರೆ ನಲವತ್ತು ಡಿಗ್ರಿ ಫ್ಯಾರನ್‌ಹೀಟ್ ಇತ್ತು. ಶಿಕಾಗೋದಿಂದ ಡೆಟ್ರಾಯಿಟ್‌ಗೆ ಮುನ್ನೂರು ಮೈಲಿಗೆ ತುಸು ಕಡಿಮೆ. ಸುಮಾರು ಐದೂವರೆ ಗಂಟೆಯ ದಾರಿ. ಮಿಷಿಗನ್ ಸರೋವರದ ದಕ್ಷಿಣದ ತುದಿಯನ್ನು ಬಳಸಿ, ಉಕ್ಕಿನ ಕಾರ್ಖಾನೆಗಳ ಹಿತ್ತಲುಗಳನ್ನು ದಾಟಿ ರೈಲು ಮಿಷಿಗನ್ ರಾಜ್ಯವನ್ನು ಪ್ರವೇಶಿಸಿತು. ಗಡಿಯಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಯಾರೂ ಅದನ್ನು ಪ್ರಕಟಿಸಲಿಲ್ಲ. ನನ್ನಿಂದ ಒಂದು ಗಂಟೆ ತೆಗೆದುಕೊಳ್ಳುವವರು ಒಂದು ಮಾತು ಹೇಳಬಹುದಿತ್ತು.

ಕಿಟಕಿಯಾಚೆ ಹೋಗುತ್ತಿದ್ದ ಊರುಗಳ ಹೆಸರುಗಳನ್ನೇ ಯೋಚಿಸುತ್ತ ಕುಳಿತೆ. ಕಲಮಝೂ ಎಂಬ ಊರಿನ ಹೆಸರು ಮೂಲನಿವಾಸಿಗಳ ಮಾತಿನಿಂದ ಬಂದದ್ದು. ಮಿಷಿಗನ್ ಎಂಬುದೂ ಹಾಗೆಯೇ. ದೊಡ್ಡ ನೀರು ಎಂದರ್ಥ. ಡೆಟ್ರಾಯಿಟ್ ಫ್ರೆಂಚರು ಇಟ್ಟ ಹೆಸರು. ಎರಡು ಸರೋವರಗಳ ನಡುವಿನ ಕಿರಿದಾದ ಜಲಮಾರ್ಗವನ್ನು ಸೂಚಿಸುತ್ತದೆ. ಫ್ರೆಂಚರು ಉಚ್ಚರಿಸಿದಂತೆ ಅದನ್ನು ಇಂದು ಆ ಊರಿನಲ್ಲಿ ಯಾರೂ ಉಚ್ಚರಿಸುವುದಿಲ್ಲ. ಇಟ್ಟವರು ಹೋದರು, ಅರ್ಥ ಹೋಯಿತು, ಧ್ವನಿಯೂ ಬದಲಾಯಿತು. ಊರು ಮಾತ್ರ ಅದೇ ಹೆಸರಿಗೆ ಓಗೊಡುತ್ತಿದೆ. ಇಂಗ್ಲಿಷರ ಅಡ್ಡಹೆಸರುಗಳೂ ಹಾಗೆಯೇ. ಕಮ್ಮಾರನ ವಂಶದವನು ಸ್ಮಿತ್, ರೊಟ್ಟಿ ಸುಡುವವನ ವಂಶದವನು ಬೇಕರ್. ಇಂದು ಆ ಸ್ಮಿತ್ ಸುತ್ತಿಗೆ ಹಿಡಿಯುವುದಿಲ್ಲ, ಆ ಬೇಕರ್ ಹಿಟ್ಟು ನಾದುವುದಿಲ್ಲ. ಈ ಗಣರಾಜ್ಯದ ಸಂವಿಧಾನ ಯಾರಿಗೂ ಕುಲೀನರ ಬಿರುದು ಕೊಡಕೂಡದೆಂದು ನಿಷೇಧಿಸಿದೆ. ಪೌರತ್ವದ ಪ್ರಮಾಣವಚನದಲ್ಲಿ ಹೊರದೇಶದ ರಾಜರಿಗೂ ಪ್ರಭುಗಳಿಗೂ ನಿಷ್ಠೆಯನ್ನು ತ್ಯಜಿಸುತ್ತೇನೆಂದು ಹೇಳಿಸುತ್ತಾರೆ. ಇಷ್ಟೆಲ್ಲ ಸಮಾನತೆಯ ವಿಚಾರ ಮಾಡಿದವರಿಗೆ ಒಂದೇ ಹೆಸರಿನ ಮನುಷ್ಯನೂ ಲೋಕದಲ್ಲಿರಬಹುದೆಂದು ಹೊಳೆಯದೇ ಹೋದದ್ದು ಹೇಗೆ?

ಡೆಟ್ರಾಯಿಟ್ ದಾಟಿದ ಮೇಲೆ, ಮನೆಗೆ ಹತ್ತಿರದ ಟ್ರಾಯ್ ನಿಲ್ದಾಣದಲ್ಲಿ ಗಿರಿಜಮ್ಮ ಕಾಯುತ್ತಿದ್ದಳು. ಅವಳ ಗಂಡ ತೀರಿಕೊಂಡು ನಾಲ್ಕು ವರ್ಷವಾಯಿತು. ಅವರು ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದರು. ಅವಳು ಶಾಲೆಯೊಂದರ ಊಟದ ಕೋಣೆಯಲ್ಲಿ ಮಕ್ಕಳಿಗೆ ಬಡಿಸುವ ಕೆಲಸದಲ್ಲಿದ್ದಾಳೆ. ತಾನೇ ಡ್ರೈವ್ ಮಾಡಿಕೊಂಡು ಮನೆಗೆ ಕರೆದೊಯ್ದಳು. ರೊಟ್ಟಿ, ಬದನೆಕಾಯಿ ಪಲ್ಯ ಸಿದ್ಧವಿತ್ತು. ಉಣ್ಣುತ್ತಲೇ, ಸಂದರ್ಶನದಲ್ಲಿ ಈ ದೇಶದ ಕುರಿತು ನಡೆಸುವ ಪರೀಕ್ಷೆಯ ತಯಾರಿ ಆರಂಭಿಸಿದೆ.

“ಕೆನಡಾದ ಗಡಿಗೆ ಹೊಂದಿಕೊಂಡ ಒಂದು ರಾಜ್ಯ?”

“ಮಿಷಿಗನ್. ಅದರಲ್ಲೇ ಕೂತು ಉಣ್ತಿದೀವಲ್ಲ ಅಣ್ಣ.”

“ಕಾನೂನು ಮಾಡುವವರು?”

“ಕಾಂಗ್ರೆಸ್.”

ಅದಕ್ಕೆ ಎರಡು ಸದನಗಳು ಏಕೆ ಬಂದವು, ಸಣ್ಣ ರಾಜ್ಯಗಳೂ ದೊಡ್ಡ ರಾಜ್ಯಗಳೂ ಹೇಗೆ ರಾಜಿಯಾದವು ಎಂಬುದನ್ನು ವಿವರಿಸತೊಡಗಿದೆ. ಅವಳು ಇನ್ನೊಂದು ರೊಟ್ಟಿ ಹಾಕಿದಳು.

“ಅಣ್ಣ, ನಿನ್ನ ಪಾಠ ಮುಗಿಯೋ ಹೊತ್ತಿಗೆ ಇನ್ನೊಬ್ಬ ಪ್ರೆಸಿಡೆಂಟ್ ಬಂದಿರ್ತಾನೆ. ಅವರು ಒಂದು ಮಾತಲ್ಲಿ ಕೇಳ್ತಾರೆ, ನಾನು ಒಂದು ಮಾತಲ್ಲಿ ಹೇಳ್ತೀನಿ.”

ಆಮೇಲೆ ಹೆಸರಿನ ವಿಷಯ ತೆಗೆದೆ. ಮೊದಲ ಹೆಸರು ಗಿರಿಜಮ್ಮ, ಅಡ್ಡಹೆಸರು ಸಿದ್ದಪ್ಪ. ಹೀಗೆಂದೇ ಹೇಳತಕ್ಕದ್ದು ಎಂದೆ. ಅವಳು “ನೋಡೋಣ” ಎಂದಳು. ನಮ್ಮ ಮನೆಯ ಹೆಣ್ಣುಮಕ್ಕಳು ನೋಡೋಣ ಎಂದರೆ ನೋಡಿ ಆಗಿದೆ ಎಂದರ್ಥ. ನನಗೆ ಅಲ್ಲಿಂದಲೇ ಕಳವಳ ಹತ್ತಿತು.

ಮರುದಿನ ಮೊಸರು ತರಲು ಅಂಗಡಿಗೆ ಹೋದಾಗ, ಸಾಲಿನ ಆ ತುದಿಯಿಂದ ಅವಳ ಶಾಲೆಯ ಎರಡು ಜಡೆಯ ಹುಡುಗಿಯೊಬ್ಬಳು “ಮಿಸ್ ಫ್ನೂ! ಮಿಸ್ ಫ್ನೂ!” ಎಂದು ಓಡಿಬಂದು ಗಿರಿಜಮ್ಮನ ಸೊಂಟ ತಬ್ಬಿಕೊಂಡಳು. ನಾನು ಬಾಗಿ, ಇವಳ ಹೆಸರು ಗಿರಿಜಮ್ಮ ಎಂದು ಇಂಗ್ಲಿಷಿನಲ್ಲಿ ತಿದ್ದಿದೆ. ಮಗು ನನ್ನನ್ನು ಕನಿಕರದಿಂದ ನೋಡಿ, “ಅದು ಅವರ ಲಾಸ್ಟ್ ನೇಮ್” ಎಂದಿತು. ಗಿರಿಜಮ್ಮ ಕೌಂಟರ್ ತಲುಪುವವರೆಗೂ ನಗುತ್ತಿದ್ದಳು. ಮಗುವಾದದ್ದರಿಂದ ಅದೊಂದನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಸಂದರ್ಶನದ ದಿನ ಡೆಟ್ರಾಯಿಟ್‌ಗೆ ಹೋದೆವು. ದಾರಿಯಲ್ಲಿ ಬಾಗಿಲಿಗೆ ಹಲಗೆ ಹೊಡೆದ ಮನೆಗಳೂ ಹೊಸದಾಗಿ ಬಣ್ಣ ಬಳಿದ ಮನೆಗಳೂ ಒಂದರ ಪಕ್ಕ ಒಂದು ನಿಂತಿದ್ದವು. ಕಚೇರಿಯ ಕಾಯುವ ಕೋಣೆಯಲ್ಲಿ ಹತ್ತಾರು ದೇಶಗಳ ಜನ ತಮ್ಮ ಒಳ್ಳೆಯ ಬಟ್ಟೆ ತೊಟ್ಟು, ತುಟಿ ಅಲ್ಲಾಡಿಸುತ್ತ ಉತ್ತರಗಳನ್ನು ಹೇಳಿಕೊಳ್ಳುತ್ತಿದ್ದರು. ನಾನು ಕೊನೆಯ ಬಾರಿಗೆ, “ಸಿದ್ದಪ್ಪ, ಎರಡು ಡಿ, ಎರಡು ಪಿ” ಎಂದು ಅವಳಿಗೆ ನೆನಪಿಸಿದೆ. ಆಗ ಒಳಗಿನ ಬಾಗಿಲು ತೆರೆದು ಅಧಿಕಾರಿಯೊಬ್ಬರು ಕರೆದರು:

“ಫ್ನೂ?”

ನಾನು ಎದ್ದು ನಿಂತೆ.

ಯಾಕೆ ಎದ್ದೆನೋ ತಿಳಿಯದು. ಮೂರು ತಿಂಗಳಿಂದ ಯಾವ ಹೆಸರನ್ನು ಪ್ರತಿಭಟಿಸುತ್ತ ಬಂದಿದ್ದೆನೋ ಅದಕ್ಕೆ ನನ್ನ ಕಾಲುಗಳು ನನ್ನನ್ನು ಕೇಳದೆ ಓಗೊಟ್ಟಿದ್ದವು. ಪಕ್ಕದಲ್ಲಿ ಗಿರಿಜಮ್ಮ ನಿಂತಿದ್ದಳು. ಎದುರು ಸಾಲಿನಲ್ಲಿ ಕಪ್ಪು ಟೋಪಿಯ ಇಂಡೋನೇಷ್ಯಾದ ಹಿರಿಯರೊಬ್ಬರೂ ನಿಂತಿದ್ದರು. ಅಧಿಕಾರಿ ಮೂವರನ್ನೂ ನೋಡಿ, ಕೈಯಲ್ಲಿದ್ದ ಕಾಗದ ನೋಡಿ, “ಗಿರಿ... ಗಿರಿಜಾಮಾ” ಎಂದು ತೊಡರಿದರು.

“ಕೂತ್ಕೋ ಅಣ್ಣ” ಎಂದಳು ಗಿರಿಜಮ್ಮ ಮೆಲ್ಲಗೆ. “ನೀನು ಪಾಸಾಗಿಬಿಟ್ರೆ ನನ್ನ ಗತಿಯೇನು?”

ಅವಳು ಒಳಗೆ ಹೋದಳು. ಆ ಹಿರಿಯರು ನನ್ನ ಪಕ್ಕಕ್ಕೆ ಬಂದು ಕುಳಿತರು. ನಿಮ್ಮಲ್ಲೂ ಒಂದೇ ಹೆಸರೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ. “ಒಂದು ಸಾಲದೇ?” ಎಂದರು. ಮೂರು ತಿಂಗಳಲ್ಲಿ ನಾನು ಈ ದೇಶದಲ್ಲಿ ಕೇಳಿದ ಅತ್ಯಂತ ವಿವೇಕದ ಮಾತು ಅದು.

ಗಿರಿಜಮ್ಮ ಹೊರಬಂದಾಗ ಮುಖ ನೋಡಿಯೇ ಪಾಸಾಗಿದ್ದಾಳೆಂದು ತಿಳಿಯಿತು. ಹೆಸರೇನಾಯಿತು ಎಂದು ಕೇಳಿದೆ. “ಮೊದಲು ನದಿ ನೋಡೋಣ ಬಾ” ಎಂದಳು. ಮತ್ತೆ ಅದೇ ನೋಡೋಣ.

ನದಿಯ ದಂಡೆಯಲ್ಲಿ ಗಾಳಿ ಹರಿತವಾಗಿತ್ತು. ಆಚೆ ದಡದ ಕಟ್ಟಡಗಳನ್ನು ತೋರಿಸಿ, ಅದು ಕೆನಡಾ, ಇಲ್ಲಿಂದ ದಕ್ಷಿಣಕ್ಕೆ ಬರುತ್ತದೆ ಎಂದಳು. ಕೆನಡಾ ಉತ್ತರಕ್ಕಿರುವ ದೇಶ ಎಂದೆ. “ಮೇಲೆ ನೋಡು” ಎಂದಳು. ಈ ಸೀಮೆಯಲ್ಲಿ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ; ಅವನು ಕೆನಡಾದ ನೆತ್ತಿಯ ಮೇಲೇ ಇದ್ದ. ನದಿ ಇಲ್ಲಿ ಹಾಗೆ ಬಾಗಿದೆ. ನಾನು ಹೆಸರಿನ ವಿಷಯಕ್ಕೆ ಮರಳಿದೆ.

“ಈಗ ಹೇಳು.”

“ಮೊದಲ ಹೆಸರು ಗಿರಿಜಮ್ಮ. ನೀನು ಹೇಳಿದ ಹಂಗೇ.”

“ಅಡ್ಡಹೆಸರು?”

“ಫ್ನೂ.”

ಗಾಳಿಯಲ್ಲಿ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದೆ. ಅದನ್ನೇ ಹೇಳಿದಳು. ನನ್ನ ಧ್ವನಿ ಏರಿತು. ಕಚೇರಿಯ ಗುಮಾಸ್ತರು ಖಾಲಿ ಜಾಗ ತುಂಬಲು ಬರೆದ ಮೂರು ಅಕ್ಷರ ಅದು, ಅದರ ಅರ್ಥ ‘ಗೊತ್ತಿಲ್ಲ’ ಎಂದು, ನಮ್ಮ ತಂದೆಯವರ ಹೆಸರಿಗಿಂತ ಅದು ಹೆಚ್ಚಾಯಿತೇ ನಿನಗೆ ಎಂದು ಕೇಳಿದೆ.

ಅವಳು ಸೆರಗನ್ನು ಕೋಟಿನೊಳಗೆ ಸೇರಿಸಿಕೊಂಡಳು.

“ಊರಲ್ಲಿ ಅಪ್ಪನ್ನ ಯಾರಾದ್ರೂ ಬರೀ ಸಿದ್ದಪ್ಪ ಅಂತ ಕೂಗಿದ್ದು ಕೇಳಿದೀಯ ಅಣ್ಣ?”

“ಇಲ್ಲ. ಎಲ್ಲರೂ ಸಿದ್ದಪ್ಪನವರು ಎನ್ನುತ್ತಿದ್ದರು.”

“ಇಲ್ಲಿ ‘ನವರು’ ಇಲ್ಲ. ಫೋನ್ ಮಾಡಿದವನೂ ಕೂಗ್ತಾನೆ, ಔಷಧಿ ಅಂಗಡಿಯವನೂ ಕೂಗ್ತಾನೆ. ನಮ್ಮ ಶಾಲೆ ಅಡುಗೆಮನೆ ಮ್ಯಾನೇಜರ್ ಇದಾಳಲ್ಲ, ಎಲ್ಲರನ್ನೂ ಲಾಸ್ಟ್ ನೇಮ್ ಹಿಡಿದೇ ಕರೀತಾಳೆ. ‘ಸಿದ್ದಪ್ಪಾ, ಕಸದ ಡಬ್ಬ ಖಾಲಿ ಮಾಡು’ ಅಂತ ಕೂಗಿಸಿಕೊಳ್ಲಾ? ಮಕ್ಕಳೆಲ್ಲ ಮಿಸೆಸ್ ಸಿದ್ದಪ್ಪ ಅಂದ್ರೆ ಯಾರದು? ಅವ್ವ! ಅವ್ವ ಇದ್ದಿದ್ರೆ ಪೊರಕೆ ತಗೊಳ್ತಿದ್ಲು.”

ಅವಮಾನಗಳನ್ನು ನೆನಪಿಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಆದರೆ ಇನ್ನೂ ಆಗದ ಈ ಒಂದು ಅವಮಾನವನ್ನು, ಅದೂ ತಂದೆಯವರಿಗೆ, ನಾನೇ ಮುನ್ನೂರು ಮೈಲಿ ಹೊತ್ತು ತಂದಿದ್ದೆ.

“ಫ್ನೂ ಅಂತ ಎಷ್ಟು ಬೇಕಾದ್ರೂ ಕೂಗ್ಲಿ” ಎಂದಳು. “ಅದು ಯಾರಪ್ಪನ ಹೆಸರೂ ಅಲ್ಲ. ಇಷ್ಟು ವರ್ಷ ನಾನೇ ದುಡಿಸಿಕೊಂಡಿರೋದು. ಇನ್ನು ಗೊತ್ತಿಲ್ಲ ಅನ್ನೋ ಅರ್ಥ... ಮುಂದೆ ಗಿರಿಜಮ್ಮ ಅಂತ ಇದೆಯಲ್ಲ, ಇನ್ನೇನು ಗೊತ್ತಾಗಬೇಕು ಅವರಿಗೆ?”

ನ್ಯಾಯಾಧೀಶರ ಮುಂದೆ ಪ್ರಮಾಣವಚನ ನಡೆಯುವುದು ಮುಂದಿನ ತಿಂಗಳು. ಅಷ್ಟರಲ್ಲಿ ನಾನು ಊರು ಸೇರಿರುತ್ತೇನೆ. ಎರಡು ದಿನ ಬಿಟ್ಟು ಅವಳೇ ನನ್ನನ್ನು ಟ್ರಾಯ್ ನಿಲ್ದಾಣಕ್ಕೆ ತಂದುಬಿಟ್ಟಳು. ರೈಲು ಬರುವವರೆಗೂ ಅದೂ ಇದೂ ಮಾತಾಡಿದೆವು. ನಾನು ಡಬ್ಬಿಯ ಮೆಟ್ಟಿಲು ಹತ್ತುವಾಗ ಅವಳು ಕೇಳಿದಳು:

“ಊರಲ್ಲಿ ಕೇಳಿದ್ರೆ ಏನು ಹೇಳ್ತೀಯ?”

“ಗಿರಿಜಮ್ಮ ಅಮೆರಿಕದ ಪ್ರಜೆಯಾದಳು ಎನ್ನುತ್ತೇನೆ.”

“ಅಡ್ಡಹೆಸರು ಕೇಳಿದ್ರೆ?”

“ಸಿದ್ದಪ್ಪನವರ ಮಗಳಿಗೆ ಅಡ್ಡಹೆಸರು ಯಾವುದೆಂದು ಕೇಳುವಷ್ಟು ಧೈರ್ಯ ಹೊನ್ನಾಳಿಯಲ್ಲಿ ಯಾರಿಗಿದೆ?”

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ರೈಲು ಚಲಿಸಿತು. ಕಿಟಕಿಯಿಂದ ನೋಡಿದಾಗ ಅವಳು ಪ್ಲಾಟ್‌ಫಾರ್ಮಿನ ಮೇಲೆಯೇ ಇದ್ದಳು. ನೀಲಿ ಕೋಟು, ಅದರ ಕೆಳಗೆ ಇಣುಕುವ ಇಳಕಲ್ ಸೀರೆಯ ಅಂಚು, ಮತ್ತು ಶಿಕಾಗೋದ ಕಡೆಗೆ ನೇರವಾಗಿ ಎತ್ತಿದ ಬಲಗೈ. ಪ್ರಮಾಣವಚನಕ್ಕೆ ಎತ್ತುವಂತೆ ಅದನ್ನು ಅಲ್ಲಾಡಿಸದೆ ಹಿಡಿದಿದ್ದಳು.